ಪೆಟ್ರೋಲ್ ಇಲ್ಲ

ಭಾನುವಾರ ಬೆಳಗ್ಗೆ ಆರೂವರೆಗೆ ದಾಕ್ಷಾಯಣಮ್ಮ ರಂಗೋಲಿ ಹಾಕಲೆಂದು ಅಂಗಳ ಗುಡಿಸಿ ನೀರು ಚಿಮುಕಿಸಿದರು. ಬಾಡಿಗೆಗಿದ್ದ ಜ್ಞಾನೇಶನ ಸ್ಕೂಟರ್ ಎಂದಿನಂತೆ ರಂಗೋಲಿಯ ಜಾಗದಲ್ಲೇ ನಿಂತಿತ್ತು. ಎಂದಿನಂತೆ ಅವರು ಅದನ್ನು ಸೊಂಟದಿಂದ ಒಂದು ನೂಕು ನೂಕಿದರು. ಆಗ ಎಂದೂ ಆಗದ್ದು ಆಯಿತು. ಸ್ಕೂಟರಿನ ಹೊಟ್ಟೆಯೊಳಗಿಂದ 'ಗುಳುಕ್' ಎಂದು ಸದ್ದು ಬಂತು.

ದಾಕ್ಷಾಯಣಮ್ಮ ರಂಗೋಲಿ ಡಬ್ಬಿ ಕೆಳಗಿಟ್ಟರು. ಸೀಟಿಗೆ ಕಿವಿ ಹಚ್ಚಿ, ಬಸುರಿಯನ್ನು ನೋಡಲು ಬಂದ ಸೂಲಗಿತ್ತಿಯ ಹಾಗೆ ಇನ್ನೊಮ್ಮೆ ಮೆಲ್ಲಗೆ ಅಲುಗಿಸಿದರು. ಗುಳುಕ್, ಗುಳುಕ್.

"ರೋಶನ್ ಬೀ! ಬಾರೇ ಇಲ್ಲಿ! ಜ್ಞಾನೇಶನ ಗಾಡೀಲಿ ಪೆಟ್ರೋಲ್ ಇದೆ ಕಣೇ!"

ಬೇರೆ ಕಡೆಯಾದರೆ ಇದನ್ನು ಕೂಗಿ ಹೇಳಬೇಕಿರಲಿಲ್ಲ. ಊರಿನವರಿಗೆಲ್ಲ ಪೆಟ್ರೋಲ್ ಎಂದರೆ ಗಾಡಿ ಓಡಿಸುವ ಎಣ್ಣೆ. ಶಿವಮೊಗ್ಗದ ವಿನೋಬನಗರದ ಆ ನಾಲ್ಕು ಮನೆಗಳ ವಠಾರದಲ್ಲಿ ಮಾತ್ರ ಆ ಪದ 'ಇಲ್ಲ' ಎಂಬ ಇನ್ನೊಂದು ಪದದ ಕೈಹಿಡಿದುಕೊಂಡೇ ಹೊರಗೆ ಬರುತ್ತಿತ್ತು. ಅದಕ್ಕೆ ಕಾರಣ ಜ್ಞಾನೇಶ್.

ಅವನು ನೆಹರೂ ರಸ್ತೆಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ದಿನವಿಡೀ ಬೇರೆಯವರ ಮೂಗಿನ ಮೇಲೆ ಕನ್ನಡಕ ಕೂರಿಸುವ ಅವನಿಗೆ ಯಾರ ಮುಖ ನೋಡಿಯೂ 'ಆಗಲ್ಲ' ಎನ್ನಲು ಬಾರದು. ನಾಲ್ಕು ವರ್ಷದ ಹಿಂದೆ ಮದುವೆಯಲ್ಲಿ ಭದ್ರಾವತಿಯ ಮಾವ ರಂಗಪ್ಪನವರು ತಾವು ಇಪ್ಪತ್ತು ವರ್ಷ ಕಾರ್ಖಾನೆಗೆ ಓಡಿಸಿದ್ದ ಸ್ಕೂಟರನ್ನು ಒರೆಸಿ, ಹಾರ ಹಾಕಿ ಅಳಿಯನಿಗೆ ಕೊಟ್ಟರು. ಮೊದಲ ವರ್ಷ ಅದು ಅಳಿಯನಿಗಿಂತ ಹೆಚ್ಚಾಗಿ ವಠಾರದವರನ್ನೇ ಹೊತ್ತು ತಿರುಗಿತು. ಹಿಟ್ಟಿನ ಗಿರಣಿಗೆ, ಬಸ್‌ಸ್ಟ್ಯಾಂಡಿಗೆ, ಬೀಗರ ಮನೆಗೆ ಹೋಗುವಾಗ ತುಂಬಿದ ಕೊಡದ ಹಾಗೆ ಹೋಗಿ, ಬರುವಾಗ ಒಣಗಿ ಬರುತ್ತಿತ್ತು. ತಳ್ಳುವುದು ಜ್ಞಾನೇಶನ ಪಾಲಿಗೆ.

ಒಂದು ಸಂಜೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಶಿವಶಂಕರಪ್ಪನವರು ಕೀ ಕೇಳಿದಾಗ ಅವನು ಇದ್ದದ್ದನ್ನೇ ಹೇಳಿದ. "ಪೆಟ್ರೋಲ್ ಇಲ್ಲ ಮೇಷ್ಟ್ರೇ."

"ಹೌದಾ? ಹಂಗಾದ್ರೆ ಬಿಡಪ್ಪ," ಎಂದು ಮೇಷ್ಟ್ರು ನಗುತ್ತಲೇ ಹೊರಟುಹೋದರು.

ಜ್ಞಾನೇಶ್ ಬೆರಗಾಗಿ ನಿಂತ. ಕೋಪವಿಲ್ಲ, ಮುನಿಸಿಲ್ಲ. ಇಲ್ಲ ಎಂದದ್ದು ತಾನಲ್ಲ, ಪೆಟ್ರೋಲು! ಮರುದಿನದಿಂದಲೇ ಅವನು ಕೆಲಸದಿಂದ ಬಂದ ಕೂಡಲೇ ಒಂದು ಸಣ್ಣ ಪೈಪಿನಿಂದ ಟ್ಯಾಂಕಿನಲ್ಲಿದ್ದಷ್ಟನ್ನೂ ನೀರಿನ ಬಾಟಲಿಗೆ ಇಳಿಸಿ ಒಳಗೆ ಬಚ್ಚಿಡತೊಡಗಿದ. ಬೆಳಗ್ಗೆ ಸುರಿದುಕೊಂಡು ಹೋಗುವುದು, ಸಂಜೆ ಇಳಿಸಿಕೊಳ್ಳುವುದು. ಯಾರೇ ಕೇಳಲಿ, "ಪೆಟ್ರೋಲ್ ಇಲ್ಲ." ಬೇಕಾದರೆ ಅಲುಗಿಸಿ ನೋಡಲಿ.

ಅವರು ಅಲುಗಿಸಿಯೂ ನೋಡಿದರು. ವಠಾರದವರೇನು ಪೆದ್ದರಲ್ಲ. ಬೆಳಗ್ಗೆ ಬುರ್ರೆಂದು ಹೋದ ಗಾಡಿ ಸಂಜೆ ಬರಿದಾಗುವುದು ಹೇಗೆ ಎಂದು ಅವರಿಗೆ ತಿಳಿಯದೆ ಇರಲಿಲ್ಲ. ಆದರೆ ಜಗಳವಾಡುವ ಬದಲು ಅವರು ಆ ಮಾತನ್ನೇ ಎತ್ತಿಕೊಂಡರು. ದಾಕ್ಷಾಯಣಮ್ಮನ ಹತ್ತಿರ ಯಾರಾದರೂ ಕರಿಬೇವು ಕೇಳಿದರೆ "ಪೆಟ್ರೋಲ್ ಇಲ್ಲ ಮಾರಾಯ್ತಿ" ಎನ್ನುವರು. ರೋಶನ್ ಬೀಯ ಮಗ, ಮೆಕ್ಯಾನಿಕ್ ಅಕ್ರಂ, ಗ್ಯಾರೇಜಿನಿಂದ ಬಂದು ಚಾಪೆಗೆ ಬಿದ್ದ ಮೇಲೆ ಅಂಗಡಿಗೆ ಹೋಗು ಎಂದರೆ "ಪೆಟ್ರೋಲ್ ಇಲ್ಲ ಅಮ್ಮಿ" ಎಂದು ಮಗ್ಗುಲು ಬದಲಿಸುವನು.

ಇಷ್ಟಕ್ಕೇ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಆ ಮಾತು ಜ್ಞಾನೇಶನ ನಾಲಿಗೆಗೆ ಅಂಟಿಕೊಂಡುಬಿಟ್ಟಿತು. ಹೆಂಡತಿ ಶ್ರೀಗೌರಿ, "ರೀ, ಹೊಳೆ ಕಡೆ ಹೋಗಿ ಬರೋಣ್ವಾ?" ಎಂದರೆ "ಪೆಟ್ರೋಲ್ ಇಲ್ಲ." "ಅಪ್ಪನ್ನ ನೋಡ್ಕೊಂಡು ಬರೋಣ್ವಾ?" ಎಂದರೆ "ಪೆಟ್ರೋಲ್ ಇಲ್ಲ." ಅವನಿಗೆ ಹೆಂಡತಿಯ ಮೇಲೆ ಪ್ರೀತಿಯಿಲ್ಲದೆ ಇರಲಿಲ್ಲ. ಜನರ ನಡುವೆ ಹೋಗಲು ಸಂಕೋಚ, ಮಾವನ ಮನೆಯಲ್ಲಿ ಮಾತು ಹುಡುಕಲು ಸಂಕೋಚ. ಅದನ್ನು ಬಾಯಿಬಿಟ್ಟು ಹೇಳಲು ಅದಕ್ಕಿಂತ ಸಂಕೋಚ. ಅವಳು ಮೂರು ವರ್ಷ ಆ 'ಪೆಟ್ರೋಲ್ ಇಲ್ಲ'ವನ್ನು ನಂಬಿದಳು. "ಪಾಪ, ಗಾಡಿ ಹಳೇದು, ಜಾಸ್ತಿ ಕುಡಿಯುತ್ತೆ," ಎಂದು ತನ್ನ ಅಪ್ಪನ ಸ್ಕೂಟರನ್ನೇ ಬೈದುಕೊಂಡಳು.

ಹೋದ ತಿಂಗಳು ಒಂದು ದಿನ ಅನ್ನಕ್ಕೆ ಪೆಟ್ರೋಲ್ ವಾಸನೆ ಬಂತು. ಶ್ರೀಗೌರಿ ಅಕ್ಕಿ ಡ್ರಮ್ಮು ಸರಿಸಿ ನೋಡಿದರೆ ಹಿಂದೆ ಮೂರು ಬಾಟಲಿಗಳು ಸಾಲಾಗಿ ಕೂತಿದ್ದವು. ಒಂದರ ಮುಚ್ಚಳ ಸಡಿಲವಾಗಿತ್ತು. ಅವಳು ಮೂರನ್ನೂ ತಂದು ಗಂಡನ ಊಟದ ತಟ್ಟೆಯ ಮುಂದೆ ನಿಲ್ಲಿಸಿದಳು.

"ಇದೇನ್ರೀ?"

"ಪೆಟ್ರೋಲ್ ಇ..." ಎಂದ ಜ್ಞಾನೇಶ್, ಅಭ್ಯಾಸಬಲದಿಂದ.

ಅವಳು ಕೂಗಾಡಲಿಲ್ಲ. "ಊರಿಗೆಲ್ಲ ಹೇಳಿದ್ದು ಸರಿ. ನನಗೂ ಹೇಳಿದ್ರಲ್ಲ," ಎಂದಷ್ಟೇ ಅಂದು, ಚೀಲ ತುಂಬಿಕೊಂಡು ಭದ್ರಾವತಿಯ ಬಸ್ಸು ಹತ್ತಿದಳು.

ತಿಂಗಳಾಯಿತು. ಮೊನ್ನೆ ಗುರುವಾರ ರಂಗಪ್ಪನವರ ಫೋನು ಬಂತು. "ನೋಡಿ ಅಳಿಯಂದ್ರೇ, ಸೋಮವಾರದಿಂದ ಇಲ್ಲೇ ಒಂದು ಶಿಶುವಿಹಾರಕ್ಕೆ ಟೀಚರ್ ಆಗಿ ಸೇರ್ತೀನಿ ಅಂತಾಳೆ. ಸೇರಿದ್ಲು ಅಂದ್ರೆ ಈ ವರ್ಷ ಬರಲ್ಲ. ನಾನು ಕೂರಿಸ್ಕೊಂಡು ಬುದ್ಧಿ ಹೇಳಿದೀನಿ. ಭಾನುವಾರ ಮಧ್ಯಾಹ್ನ ಒಂದು ಗಂಟೆ ಊಟಕ್ಕೆ ನೀವು ಬಂದ್ರೆ ನಿಮ್ಮ ಜೊತೇಲೇ ಹೊರಡ್ತಾಳಂತೆ. ಆದ್ರೆ ಬಸ್ಸಲ್ಲಿ ಬರೋ ಹಂಗಿಲ್ಲ. ಅದೇ ಸ್ಕೂಟರಲ್ಲಿ ಬರ್ಬೇಕಂತೆ. ಟ್ಯಾಂಕ್ ಫುಲ್ ಇರ್ಬೇಕಂತೆ. ಅವಳೇ ಅಲುಗಿಸಿ ನೋಡ್ತಾಳಂತೆ."

ಶನಿವಾರ ಸಂಜೆ ಜ್ಞಾನೇಶ್ ಬಂಕಿಗೆ ಹೋದ. 'ಫುಲ್' ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ. ಬಂಕಿನವನು ಎಷ್ಟು ಎಂದಾಗ ಬಾಯಿ ತಾನಾಗಿ "ಎರಡು ಲೀಟರ್" ಎಂದಿತು. ಇರಲಿ, ಹೋಗಲು ಧಾರಾಳ ಆಯಿತು, ಮಾವನ ಮನೆ ತಿರುವಿಗೆ ಮೊದಲು ಸಿಗುವ ಬಂಕಿನಲ್ಲಿ ಕುತ್ತಿಗೆವರೆಗೂ ತುಂಬಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡ. ಆ ರಾತ್ರಿ, ಹೊಸ ಬಾಳಿನ ಗುರುತಾಗಿ, ಪೆಟ್ರೋಲನ್ನು ಬಾಟಲಿಗೆ ಇಳಿಸದೆ ಹಾಗೇ ಬಿಟ್ಟು ಮಲಗಿದ. ದಾಕ್ಷಾಯಣಮ್ಮನಿಗೆ ಕೇಳಿಸಿದ್ದು ಅದೇ ಎರಡು ಲೀಟರಿನ ಗುಳುಕ್.

ಅವನು ಹಲ್ಲುಜ್ಜುತ್ತ ಹೊರಗೆ ಬರುವಷ್ಟರಲ್ಲಿ ಸ್ಕೂಟರಿನ ಸುತ್ತ ಮೂವರು ನಿಂತಿದ್ದರು.

"ಬೇಟಾ, ಗೋಪಾಳಕ್ಕೆ ಐದು ನಿಮಿಷ," ಎಂದು ರೋಶನ್ ಬೀ ಟಿಫಿನ್ ಡಬ್ಬಿ ಮುಂದೆ ಹಿಡಿದರು. "ನಮ್ಮ ಶಿರೀನ್ ಬಾಣಂತಿ. ಬಿಸಿ ಇರುವಾಗಲೇ ತಲುಪಬೇಕು. ಅಕ್ರಂ ಬೆಳಗ್ಗೇನೇ ಗ್ಯಾರೇಜಿಗೆ ಹೋಗ್ಬಿಟ್ಟ."

"ಪೆಟ್ರೋಲ್..." ಎಂದು ಶುರುಮಾಡಿದ ಜ್ಞಾನೇಶ್.

ದಾಕ್ಷಾಯಣಮ್ಮ ಸ್ಕೂಟರನ್ನು ಅಲುಗಿಸಿದರು. ಗುಳುಕ್.

"...ಇದೆ," ಎಂದು ಅವನು ಮುಗಿಸಿದ. ಬಾಯಲ್ಲಿನ ಪೇಸ್ಟು ನುಂಗಿಹೋಯಿತು.

ಡಬ್ಬಿ ಕೊಟ್ಟು ಬಂದರೆ ದಾಕ್ಷಾಯಣಮ್ಮನ ರಾಗಿ ಚೀಲ ಸಿದ್ಧವಾಗಿತ್ತು. ಗಿರಣಿಯಲ್ಲಿ ಸರದಿ ಕಾದು, ತಲೆಯಿಂದ ಕಾಲಿನವರೆಗೆ ಹಿಟ್ಟಾಗಿ ಬಂದಾಗ ಒಂಬತ್ತು ಗಂಟೆ. ಅಂಗಳದಲ್ಲಿ ಶಿವಶಂಕರಪ್ಪ ಮೇಷ್ಟ್ರು ಇಸ್ತ್ರಿ ಪಂಚೆ ಉಟ್ಟು, ಜಾತಕದ ಲಕೋಟೆ ಹಿಡಿದು, ಹೆಲ್ಮೆಟ್ಟನ್ನೂ ಹಾಕಿಕೊಂಡೇ ನಿಂತಿದ್ದರು.

"ಜ್ಞಾನೇಶ, ಆಯನೂರಿಗೆ ಹೋಗಿ ಮೊಮ್ಮಗಳ ಜಾತಕ ಕೊಟ್ಟು ಬರ್ತೀನಪ್ಪ. ಗಂಡಿನ ಕಡೆಯವರು ಹತ್ತೂವರೆಗೆ ಊರು ಬಿಡ್ತಾರಂತೆ."

"ಮೇಷ್ಟ್ರೇ, ನಾನು ಭದ್ರಾವತಿಗೆ... ಶ್ರೀಗೌರೀನ..."

"ಗೊತ್ತು ಮಾರಾಯ, ಇಡೀ ವಠಾರಕ್ಕೆ ಗೊತ್ತು. ನಿನಗೆ ಒಂದು ಗಂಟೆಗೆ ತಾನೇ? ನಾನು ಹನ್ನೊಂದಕ್ಕೆ ಇಲ್ಲಿರ್ತೀನಿ. ಬರ್ತಾ ಪೆಟ್ರೋಲ್ ನಾನೇ ಹಾಕಿಸ್ತೀನಿ. ಹೆಣ್ಣುಮಗು ವಿಷಯ ಕಣಪ್ಪ."

ಹೆಣ್ಣುಮಗು ವಿಷಯ ಎಂದ ಮೇಲೆ ಜ್ಞಾನೇಶನ ಕೈ ತಾನಾಗಿ ಕೀ ಕೊಟ್ಟಿತು.

ಅವನು ಸ್ನಾನ ಮಾಡಿ, ಮದುವೆಯ ವರ್ಷ ಹೊಲಿಸಿದ್ದ ನೀಲಿ ಅಂಗಿ ತೊಟ್ಟು, ಕಟ್ಟೆಯ ಮೇಲೆ ಕೂತ. ಹನ್ನೊಂದಾಯಿತು. ಹನ್ನೊಂದೂವರೆ ಆಯಿತು.

"ಮೊಳ ಮಲ್ಲಿಗೆ ತಗೊಂಡಿದೀಯೇನೋ?" ಎಂದು ದಾಕ್ಷಾಯಣಮ್ಮ ಕೇಳಿದರು.

"ತಗೊಂಡಿದೀನಿ."

"ಏನು ಮಾತಾಡ್ತೀಯ ಅಂತ ಯೋಚ್ನೆ ಮಾಡಿದೀಯಾ?"

"ಇಲ್ಲ."

"ತಪ್ಪಾಯ್ತು ಅನ್ನು. ಬೇರೇನೂ ಅನ್ನಬೇಡ. ನಿನ್ನ ಬಾಯಿ ಜಾಸ್ತಿ ಹೊತ್ತು ತೆರೆದಿದ್ರೆ ಅದೇ ಹಾಳು ಮಾತು ಬರುತ್ತೆ," ಎಂದು ದಾಕ್ಷಾಯಣಮ್ಮ ಮಗನಿಗೆ ಹೇಳುವಂತೆ ಹೇಳಿದರು. ರೋಶನ್ ಬೀ ಅವನ ಅಂಗಿಯ ಕಾಲರಿನಲ್ಲಿ ಉಳಿದಿದ್ದ ರಾಗಿ ಹಿಟ್ಟನ್ನು ಸೆರಗಿನಿಂದ ಕೊಡವಿದರು.

ಮೇಷ್ಟ್ರು ಬಂದಾಗ ಹನ್ನೆರಡೂ ಕಾಲು. ಮುಖ ಹಬ್ಬದ ಹಾಗೆ ಬೆಳಗುತ್ತಿತ್ತು. "ಜಾತಕ ಒಪ್ಪಿದ್ರು ಕಣಪ್ಪ! ಹೋಳಿಗೆ ತಿನ್ನದೆ ಬಿಡಲಿಲ್ಲ! ನಿನಗೂ ಕಟ್ಟಿಕೊಟ್ಟಿದಾರೆ!" ಎಂದು ಹೋಳಿಗೆ ಪೊಟ್ಟಣವನ್ನು ಅವನ ಕೈಗೆ ತುರುಕಿದರು. ಜ್ಞಾನೇಶ್ ಪೆಟ್ರೋಲಿನ ವಿಷಯ ಕೇಳಲಿಲ್ಲ. ಹಾಕಿಸ್ತೀನಿ ಎಂದಿದ್ದಾರೆ, ಮೇಷ್ಟ್ರು ಬೇರೆ, ಕೇಳಿದರೆ ಏನೆಂದುಕೊಂಡಾರು? ಹೊತ್ತೂ ಇರಲಿಲ್ಲ. ಮಲ್ಲಿಗೆ, ಹೋಳಿಗೆ ಎರಡನ್ನೂ ಹ್ಯಾಂಡಲಿಗೆ ಸಿಕ್ಕಿಸಿ ಹೊರಟ. ವಠಾರವೆಲ್ಲ ಗೇಟಿನವರೆಗೆ ಬಂದು ಕೈ ಬೀಸಿತು.

ಮಾಚೇನಹಳ್ಳಿ ದಾಟಿದ ಮೇಲೆ ಸ್ಕೂಟರ್ ಒಮ್ಮೆ ಬಿಕ್ಕಿತು. ಆಮೇಲೆ ಎರಡು ಸಲ ಬಿಕ್ಕಿತು. ಆಮೇಲೆ, ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮುದುಕನ ಹಾಗೆ, ಒಂದು ದೀರ್ಘ ನಿಟ್ಟುಸಿರು ಬಿಟ್ಟು ರಸ್ತೆ ಬದಿಯ ಪಂಕ್ಚರ್ ಅಂಗಡಿಯೆದುರು ನಿಂತುಬಿಟ್ಟಿತು.

ಜ್ಞಾನೇಶ್ ಇಳಿದು ಅಲುಗಿಸಿದ. ಸದ್ದಿಲ್ಲ. ಇನ್ನಷ್ಟು ಜೋರಾಗಿ ಅಲುಗಿಸಿದ. ಹೋಳಿಗೆ ಪೊಟ್ಟಣ ಕೆಳಗೆ ಬಿತ್ತು. ಮೇಷ್ಟ್ರು ಹೋಳಿಗೆಯ ಗುಂಗಿನಲ್ಲಿ ಬಂಕು ಮರೆತಿದ್ದರು.

ಮೊದಲು ಅಕ್ರಂಗೆ ಫೋನ್ ಮಾಡಿದ.

"ಅಕ್ರಂ, ಮಾಚೇನಹಳ್ಳಿ ದಾಟಿ ನಿಂತಿದೀನಪ್ಪ. ಪಂಕ್ಚರ್ ಅಂಗಡಿ ಎದುರು. ಪೆಟ್ರೋಲ್ ಇಲ್ಲ!"

ಆ ಕಡೆಯಿಂದ ನಗು ಕೇಳಿಸಿತು. "ಅಣ್ಣಾ, ನನಗೇ ಹೇಳ್ತೀರಾ ಅದನ್ನ? ಭಾಭೀನ ಕರ್ಕೊಂಡು ಬರೋಕೆ ಹೆದರಿಕೆ ಆಗ್ತಿದ್ರೆ ಹಂಗೇ ಹೇಳಿ!" ಯಾವುದೋ ಎಂಜಿನ್ ಗರ್ರೆಂದಿತು, ಫೋನು ಕಟ್ಟಾಯಿತು.

ಆಮೇಲೆ, ಎದೆ ಗಟ್ಟಿ ಮಾಡಿಕೊಂಡು, ಹೆಂಡತಿಗೆ ಮಾಡಿದ.

"ಎಲ್ಲಿದೀರಿ?" ಎಂದಳು ಶ್ರೀಗೌರಿ. ದನಿ ಮೆತ್ತಗಿತ್ತು. ಹಿಂದೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. "ಅಪ್ಪ ಗೇಟಲ್ಲೇ ನಿಂತಿದಾರೆ. ನಿಮಗಿಷ್ಟ ಅಂತ ಹಲಸಿನಕಾಯಿ ಪಲ್ಯ ಮಾಡಿದೀನಿ."

"ಗೌರಿ, ಹೊರಟಿದ್ದೆ. ಮಾಚೇನಹಳ್ಳಿ ದಾಟಿ ಪಂಕ್ಚರ್ ಅಂಗಡಿ ಹತ್ರ... ಗಾಡಿ ನಿಂತೋಯ್ತು. ನೀನು ನಂಬಲ್ಲ. ಆದ್ರೆ ಆಣೆಗೂ..." ಅವನು ಬೇರೆ ಮಾತಿಗಾಗಿ ಮೇಲೆ ಕೆಳಗೆ ನೋಡಿದ. ಬೇರೆ ಮಾತು ಇರಲಿಲ್ಲ. "...ಪೆಟ್ರೋಲ್ ಇಲ್ಲ."

ಒಗ್ಗರಣೆಯ ಸದ್ದು ನಿಂತಿತು. ಫೋನೂ ನಿಂತಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಪಂಕ್ಚರ್ ಅಂಗಡಿಯ ಜಮ್ಶೀದ್ ನಮಾಜಿಗೆಂದು ಅರ್ಧ ಶಟರ್ ಎಳೆಯುತ್ತಿದ್ದ. "ಇಲ್ಲೇ ಬಿಟ್ಟು ಹೋಗಿ ಸಾರ್, ಯಾರೂ ಮುಟ್ಟಲ್ಲ. ಮುಂದೆ ಒಂದು ಕಿಲೋಮೀಟರ್ ಹೋದ್ರೆ ಬಂಕ್ ಇದೆ. ಬೀಗ ಹಾಕ್ಕೊಳ್ಳಿ."

"ಸೀಟಿನ ಬೀಗ ಕೆಟ್ಟು ವರ್ಷ ಆಯ್ತು."

"ಖಾಲಿ ಟ್ಯಾಂಕಿಗೆ ಬೀಗ ಯಾಕೆ ಬಿಡಿ," ಎಂದು ಜಮ್ಶೀದ್ ಸೈಕಲ್ ಹತ್ತಿದ.

ಜ್ಞಾನೇಶ್ ಒಂದು ಖಾಲಿ ಬಾಟಲಿ ಹುಡುಕಿಕೊಂಡು ಬಿಸಿಲಲ್ಲಿ ಓಡಿದ. ಬಂಕಿನ ಹುಡುಗಿ ಬಾಟಲಿಯನ್ನು ನೋಡಿದ ಕೂಡಲೇ ಕೈ ಆಡಿಸಿದಳು. "ಬಾಟಲಿಗೆ ಹಾಕಲ್ಲ ಸಾರ್. ಗಾಡಿ ತನ್ನಿ."

"ಗಾಡಿ ತರೋಕೇ ಪೆಟ್ರೋಲ್ ಬೇಕಮ್ಮ!"

"ರೂಲ್ಸ್ ಸಾರ್. ತಳ್ಕೊಂಡು ಬನ್ನಿ."

ತಳ್ಳುವುದೆಂದರೆ ಇನ್ನೊಂದು ಗಂಟೆ. ಯಾರೋ ಲಾರಿ ಡ್ರೈವರು ಕನಿಕರಪಟ್ಟು, ಒಳಗಿನ ಹಳ್ಳಿಯಲ್ಲಿ ಲಿಂಗಮ್ಮ ಎಂಬವರ ಅಂಗಡಿಯಲ್ಲಿ ಬಾಟಲಿ ಪೆಟ್ರೋಲ್ ಸಿಗುತ್ತದೆಂದು ಹೇಳಿದ. ಹೊಲದ ಬದುವಿನ ಮೇಲೆ ಓಡುವಾಗ ಜ್ಞಾನೇಶನ ನೀಲಿ ಅಂಗಿ ಬೆವರಿಗೆ ಕಪ್ಪಾಯಿತು. ನಾಯಿಯೊಂದು ಸ್ವಲ್ಪ ದೂರ ಅವನ ಜೊತೆ ಓಡಿ, ಇದರಲ್ಲೇನೂ ಲಾಭವಿಲ್ಲವೆಂದು ಹಿಂದಕ್ಕೆ ಹೋಯಿತು. ಲಿಂಗಮ್ಮ ಊಟ ಮಾಡುತ್ತಿದ್ದರು. ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿ, ಆಮೇಲೆ ಒಂದು ಬಾಟಲಿ ತುಂಬಿಸಿಕೊಟ್ಟರು.

ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಅವನು ರಸ್ತೆಗೆ ಮರಳಿದಾಗ ಒಂದೂ ಮುಕ್ಕಾಲು. ದೂರದಿಂದಲೇ ಸ್ಕೂಟರಿನ ಪಕ್ಕ ಒಂದು ಬೈಕು ಕಾಣಿಸಿತು. ಬೈಕಿನ ಮೇಲೆ ಭಾಮೈದ ವಿಜಯೇಂದ್ರ. ಪಂಕ್ಚರ್ ಅಂಗಡಿಯ ತಗಡಿನ ನೆರಳಲ್ಲಿ ಶ್ರೀಗೌರಿ. ಅವಳ ಕೈಯಲ್ಲೂ ಒಂದು ಬಾಟಲಿ. ಅದರಲ್ಲೂ ಪೆಟ್ರೋಲ್.

ಅವಳು ಬಂದಿದ್ದಳು! ನಂಬಿ ಬಂದಿದ್ದಳು! ತಪ್ಪಾಯ್ತು ಅನ್ನು, ಬೇರೇನೂ ಅನ್ನಬೇಡ ಎಂಬ ದಾಕ್ಷಾಯಣಮ್ಮನ ಮಾತು ನೆನಪಾಯಿತು.

"ಗೌರಿ, ತಪ್ಪಾ..."

"ಸ್ವಲ್ಪ ಇರಿ," ಎಂದಳು ಶ್ರೀಗೌರಿ. ಬಾಟಲಿಯನ್ನು ತಮ್ಮನ ಕೈಗೆ ಕೊಟ್ಟು, ಸ್ಕೂಟರಿನ ಹ್ಯಾಂಡಲ್ ಹಿಡಿದು, ಅಲುಗಿಸಿದಳು.

ಗುಳುಗುಳು ಗುಳುಗುಳು ಗುಳುಕ್.

ಅದು ಎರಡು ಲೀಟರಿನ ಸದ್ದಲ್ಲ. ತುಂಬಿದ ಬಾವಿಗೆ ಕೊಡ ಇಳಿಸಿದಂಥ ಸದ್ದು.

ಜ್ಞಾನೇಶ್ ಸ್ಕೂಟರನ್ನು ನೋಡಿದ. ಸ್ಕೂಟರ್ ಅವನನ್ನು ನೋಡಿದಂತಿತ್ತು. "ಆಗ... ಆಗ ಇರಲಿಲ್ಲ!"

"ಹೌದಾ? ಆಕಾಶದಿಂದ ಸುರೀತಾ?" ಅವಳು ಸೀಟೆತ್ತಿ ಮುಚ್ಚಳ ತೆಗೆದಳು. ಬಾಯಿಯವರೆಗೂ ಹೊಳೆಯುತ್ತಿತ್ತು. "ನೋಡೋ ವಿಜಿ. ಅಡುಗೆ ಅರ್ಧಕ್ಕೆ ಬಿಟ್ಟು ಬಂದೆ ನಾನು. ಪಾಪ, ಈ ಸಲ ನಿಜ ಇರ್ಬೋದು, ಬಿಸಿಲಲ್ಲಿ ನಿಂತಿರ್ತಾರೆ ಅಂತ ನಮ್ಮಪ್ಪನ ಹತ್ರ ಜಗಳ ಆಡಿ ಬಂದೆ. ಇಲ್ಲಿ ನೋಡಿದ್ರೆ ಟ್ಯಾಂಕ್ ತುಂಬಾ ಪೆಟ್ರೋಲ್, ಕೈಯಲ್ಲಿ ಮತ್ತೊಂದು ಬಾಟಲಿ. ದಾರೀಲೂ ಇಳಿಸ್ಕೊಳ್ತಿದ್ರಾ?"

"ಇದು ಲಿಂಗಮ್ಮ ಕೊಟ್ಟಿದ್ದು..."

"ಯಾವ ಲಿಂಗಮ್ಮ?"

ವಿವರಿಸಲು ಹೊರಟರೆ ಮೇಷ್ಟ್ರಿಂದ, ಅಲ್ಲ, ರೋಶನ್ ಬೀಯ ಡಬ್ಬಿಯಿಂದ ಶುರುಮಾಡಬೇಕಿತ್ತು. ಜಮ್ಶೀದನಾದರೂ ಸಾಕ್ಷಿ ಹೇಳಲೆಂದು ತಿರುಗಿ ನೋಡಿದರೆ ಶಟರ್ ಇನ್ನೂ ಅರ್ಧಕ್ಕೇ ಇಳಿದಿತ್ತು, ಅವನು ನಮಾಜಿನಿಂದ ಮರಳಿರಲಿಲ್ಲ.

ಶ್ರೀಗೌರಿ ಅವನ ಅಂಗಿ ಜೇಬಿಗೆ ಕೈಹಾಕಿ ಕೀ ತೆಗೆದುಕೊಂಡಳು. ಸೆರಗು ಸಿಕ್ಕಿಸಿಕೊಂಡು ಸ್ಕೂಟರ್ ಹತ್ತಿದಳು. ಕಾಲೇಜಿಗೆ ಹೋಗುವಾಗಿನಿಂದ ಅಪ್ಪನ ಆ ಗಾಡಿಯನ್ನು ಓಡಿಸಿ ಗೊತ್ತಿದ್ದವಳು. ಜ್ಞಾನೇಶನಿಗೆ ಹತ್ತು ಒದೆತಕ್ಕೂ ಜಗ್ಗದ ಸ್ಕೂಟರ್ ಅವಳ ಒಂದೇ ಒದೆತಕ್ಕೆ ಎದ್ದು ಕೂತಿತು.

"ನಾಳೆಯಿಂದ ಶಾಲೆಗೆ ಹೋಗೋಕೆ ನನಗೊಂದು ಗಾಡಿ ಬೇಕಿತ್ತು. ಟ್ಯಾಂಕ್ ಫುಲ್ ಮಾಡ್ಕೊಂಡೇ ತಂದಿದೀರ. ತುಂಬಾ ಉಪಕಾರ ಆಯ್ತು," ಎಂದಳು. ಕಣ್ಣಲ್ಲಿ ನೀರಿತ್ತು. "ವಿಜಿ, ಆ ಬಾಟಲೀನೂ ಅವರಿಗೇ ಕೊಡು. ಅಕ್ಕಿ ಡ್ರಮ್ಮಿನ ಹಿಂದೆ ಇಟ್ಕೊಳ್ಳಲಿ."

ಅವಳು ಹೋದಳು. ಹ್ಯಾಂಡಲಿನಲ್ಲಿ ಮಲ್ಲಿಗೆ ತೂಗಾಡುತ್ತ ಹೋಯಿತು. ವಿಜಯೇಂದ್ರ ಬಾಟಲಿಯನ್ನು ಭಾವನ ಎಡಗೈಗೆ ಕೊಟ್ಟು, "ನೀವೂ ಎಂಥ ಮಾಡ್ತೀರ ಭಾವಾ!" ಎಂದು ತಲೆ ಚಚ್ಚಿಕೊಂಡು ಅಕ್ಕನ ಹಿಂದೆ ಬೈಕು ಓಡಿಸಿದ.

ಅಷ್ಟರಲ್ಲಿ ಫೋನು ರಿಂಗಾಯಿತು. ಜ್ಞಾನೇಶ್ ಒಂದು ಬಾಟಲಿಯನ್ನು ಕಂಕುಳಲ್ಲಿ ಇರುಕಿಕೊಂಡು ಎತ್ತಿದ. ಅಕ್ರಂ.

"ಅಣ್ಣಾ, ಗಾಡಿ ನೋಡಿದ್ರಾ? ಹೆಂಗೆ ನಮ್ಮ ಸರ್‌ಪ್ರೈಸು? ಊಟಕ್ಕೆ ಬಂದಾಗ ನೀವು ಫೋನ್ ಮಾಡಿದ್ದನ್ನ ವಠಾರದಲ್ಲಿ ಹೇಳಿದೆ, ಎಲ್ರೂ ನಕ್ರು. ಮೇಷ್ಟ್ರು ಮಾತ್ರ ಹಣೆ ಹಣೆ ಬಡ್ಕೊಂಡ್ರು. ನಾನೇ ಹಾಕ್ಸಿಲ್ಲ ಕಣೋ, ನಡಿ ನಡಿ ಅಂತ ನನ್ನ ಬೈಕ್ ಮೇಲೆ ಬಂದ್ರು. ಗ್ಯಾರೇಜಿನ ಐದು ಲೀಟರ್ ಕ್ಯಾನು ಪೂರ್ತಿ ಸುರಿದಿದೀವಿ. ನೀವು ಬರೋತನಕ ಇರೋಣ ಅಂದ್ರೆ ಮುಖ ತೋರ್ಸೋಕೆ ನಾಚಿಕೆ ಅಂತ ಎಳ್ಕೊಂಡು ಬಂದ್ಬಿಟ್ರು. ಭಾಭಿ ಖುಷಿ ಆದ್ರಾ?"

ಜ್ಞಾನೇಶ್ ರಸ್ತೆ ನೋಡಿದ. ಸ್ಕೂಟರ್ ಒಂದು ಚುಕ್ಕೆಯಷ್ಟಾಗಿತ್ತು. "ಆದ್ಲು," ಎಂದ.

ಹೆಂಡತಿಗೆ ಫೋನ್ ಮಾಡಿದ. ಎತ್ತಲಿಲ್ಲ. ಹೇಗಾದರೂ ಈಗಲೇ, ಅವಳ ಕೋಪ ಗಟ್ಟಿಯಾಗುವ ಮೊದಲೇ ಭದ್ರಾವತಿಗೆ ಹೋಗಬೇಕು, ಮೇಷ್ಟ್ರಿಗೆ ಫೋನ್ ಹಚ್ಚಿ ಅವರ ಬಾಯಿಂದಲೇ ಹೇಳಿಸಬೇಕು. ಎರಡು ಬಸ್ಸುಗಳಿಗೆ ಕೈ ತೋರಿಸಿದ. ಎರಡೂ ಕೈಯಲ್ಲಿ ಪೆಟ್ರೋಲ್ ಬಾಟಲಿ ಹಿಡಿದವನನ್ನು ನೋಡಿ ಯಾವ ಡ್ರೈವರೂ ನಿಲ್ಲಿಸಲಿಲ್ಲ.

ಆಗ ಶಿವಮೊಗ್ಗದ ಕಡೆಯಿಂದ ಒಬ್ಬ ಯುವಕ ಬೈಕು ತಳ್ಳಿಕೊಂಡು, ಏದುಸಿರು ಬಿಡುತ್ತ ಬಂದ. ಜ್ಞಾನೇಶನ ಎದುರಿಗೇ ನಿಂತು, ಬೆವರು ಒರೆಸಿಕೊಂಡು, ಬಹಳ ವಿನಯದಿಂದ ಕೇಳಿದ:

"ಸಾರ್, ಅರ್ಜೆಂಟಾಗಿ ಭದ್ರಾವತಿಗೆ ಹೊರಟಿದ್ದೆ, ಗಾಡಿ ಕೈಕೊಡ್ತು. ಸ್ವಲ್ಪ ಪೆಟ್ರೋಲ್ ಇದ್ರೆ ಕೊಡ್ತೀರಾ? ನಿಮ್ಮನ್ನೂ ಅಲ್ಲೀತನಕ ಬಿಡ್ತೀನಿ."

ಜ್ಞಾನೇಶನ ಮುಖ ಅರಳಿತು. ತಲೆ ಹೂಂ ಎಂದಿತು, ಎದೆ ಹೂಂ ಎಂದಿತು. ಆದರೆ ಮೂರು ವರ್ಷದಿಂದ ತಲೆಯನ್ನೂ ಎದೆಯನ್ನೂ ಕೇಳದೆ ಉತ್ತರ ಕೊಟ್ಟು ಅಭ್ಯಾಸವಾಗಿದ್ದ ಬಾಯಿ, ಅವೆರಡಕ್ಕಿಂತ ಮೊದಲೇ ತೆರೆದುಕೊಂಡಿತ್ತು.

"ಪೆಟ್ರೋಲ್ ಇಲ್ಲ," ಎಂದ.

ಯುವಕ ಅವನ ಬಲಗೈಯ ಬಾಟಲಿ ನೋಡಿದ. ಎಡಗೈಯ ಬಾಟಲಿ ನೋಡಿದ. ಅವನ ಮುಖ ನೋಡಿದ. ಆಮೇಲೆ ಬೈಕು ತಳ್ಳುತ್ತ ಮುಂದಕ್ಕೆ ಹೋದ.